ಆದಿಕಾಂಡ 2:18 – ಮದುವೆ ಇರೋದು ಮಕ್ಕಳಿಗೋಸ್ಕರ ಮಾತ್ರವೇ?

ಲಿಂಗರಾಜಪುರದವಳು

ಎಲ್ಲರಿಗೂ ವಂದನೆ. ನಮ್ಮ ಕಡೆಯ ಕ್ರೈಸ್ತ ಮದುವೆಗಳಲ್ಲಿ ಪ್ರಸಂಗ ಹೆಚ್ಚಾಗಿ ಬೈಬಲಿನ ಮೊದಲ ಪುಸ್ತಕವಾದ ಆದಿಕಾಂಡದಿಂದಲೇ ಶುರುವಾಗುತ್ತದೆ. ಆದಾಮ, ಹವ್ವ, ಪಕ್ಕೆಲುಬು, ಇಬ್ಬರೂ ಒಂದೇ ಶರೀರ. ಅಲ್ಲಿಯವರೆಗೆ ಚೆನ್ನಾಗಿಯೇ ಇರುತ್ತದೆ. ಆಮೇಲೆ ಮಾತು ಮೆಲ್ಲಗೆ ಮಕ್ಕಳ ಕಡೆ ತಿರುಗಿ, ಮುಂದಿನ ವರ್ಷ ಮಗುವಿನ ದೀಕ್ಷಾಸ್ನಾನಕ್ಕೆ ಇಲ್ಲೇ ಸೇರೋಣ ಅನ್ನುವಲ್ಲಿಗೆ ಮುಗಿಯುತ್ತದೆ. ನಮಗೆ ಮದುವೆಯಾಗಿ ಬಹಳ ವರ್ಷ ಆಯಿತು, ಮಕ್ಕಳಿಲ್ಲ. ಅಂಥ ಪ್ರಸಂಗ ಕೇಳುತ್ತಾ ಬೆಂಚಿನ ಮೇಲೆ ಕೂತಿರೋದು ಎಷ್ಟು ಕಷ್ಟ ಅಂತ ಅಲ್ಲಿ ಕೂತವರಿಗೇ ಗೊತ್ತು. ಆದರೆ ಸಮಾಧಾನ ಬೇಕು ಅಂತ ಇದನ್ನು ಬರೆಯುತ್ತಿಲ್ಲ. ಆ ಪ್ರಸಂಗ ಆದಿಕಾಂಡವನ್ನು ಅರ್ಧ ಓದಿ ನಿಲ್ಲಿಸುತ್ತದೆ, ಅದು ನನ್ನ ತಕರಾರು.

ಎರಡನೇ ಅಧ್ಯಾಯವನ್ನು ಒಮ್ಮೆ ನಿಧಾನವಾಗಿ ಓದಿ. ಮೊದಲ ಅಧ್ಯಾಯದಲ್ಲಿ ಬೆಳಕು ಒಳ್ಳೆಯದು, ನೆಲ ಒಳ್ಳೆಯದು, ಗಿಡಮರ ಒಳ್ಳೆಯದು, ಕೊನೆಗೆ ಎಲ್ಲವೂ ಬಹಳ ಒಳ್ಳೆಯದು. ದೇವರು ಮೊದಲ ಸಲ "ಇದು ಒಳ್ಳೆಯದಲ್ಲ" ಅನ್ನೋದು 2:18ರಲ್ಲಿ. ಯಾವುದು ಒಳ್ಳೆಯದಲ್ಲ? ಮನುಷ್ಯ ಒಂಟಿಯಾಗಿರೋದು. ಪಾಪ ಇನ್ನೂ ಬಂದಿಲ್ಲ. ಸರ್ಪ ಇನ್ನೂ ಬಾಯಿ ಬಿಟ್ಟಿಲ್ಲ. ತೋಟ ಇದೆ, ಊಟ ಇದೆ, ಮಾಡೋಕೆ ಕೆಲಸ ಇದೆ, ದೇವರೇ ಪಕ್ಕದಲ್ಲಿದ್ದಾರೆ. ಆದರೂ ಏನೋ ಕಡಿಮೆ ಇದೆ ಅಂತ ಹೇಳುತ್ತಿರುವವರು ಸ್ವತಃ ದೇವರು. "ನಾನಿದ್ದೇನಲ್ಲ, ಸಾಕು" ಅಂತ ಅವರು ಹೇಳೋದಿಲ್ಲ. ಇದು ನನಗೆ ಪ್ರತಿ ಸಲ ಓದಿದಾಗಲೂ ದೊಡ್ಡ ಮಾತು ಅನ್ನಿಸುತ್ತದೆ.

ಇನ್ನೊಂದು. ಬಹುಸಂತಾನದ ಆಶೀರ್ವಾದ ಮನುಷ್ಯರಿಗೆ ಸಿಗೋದು 1:28ರಲ್ಲಿ. ಆದರೆ ಅದಕ್ಕೂ ಮೊದಲೇ, 1:22ರಲ್ಲಿ, ಮೀನಿಗೂ ಹಕ್ಕಿಗೂ ಅದೇ ಆಶೀರ್ವಾದ ಸಿಕ್ಕಿದೆ. ಒಂಟಿಯಾಗಿರೋದು ಒಳ್ಳೆಯದಲ್ಲ ಅನ್ನೋ ಮಾತು ಮಾತ್ರ ಯಾವ ಮೀನಿಗೂ ಯಾವ ಹಕ್ಕಿಗೂ ಇಲ್ಲ, ಮನುಷ್ಯನಿಗೆ ಮಾತ್ರ. 2:18ರಿಂದ 25ರವರೆಗೆ ಮಗುವಿನ ಸುದ್ದಿಯೇ ಇಲ್ಲ. ಮೊದಲ ಮಗು ಹುಟ್ಟೋದು 4:1ರಲ್ಲಿ, ತೋಟದಿಂದ ಹೊರಗೆ ಬಂದಮೇಲೆ. ಅಂದಮೇಲೆ ತೋಟದೊಳಗೆ ಆ ಇಬ್ಬರ ಮದುವೆ ಅರ್ಧಂಬರ್ಧ ಆಗಿತ್ತಾ? ಹಾಗಂತ ಕಥೆ ಹೇಳೋದಿಲ್ಲ. ನೀವೇನಂತೀರಿ?


ಕಮ್ಮನಹಳ್ಳಿ ಹಿರಿಯ

ಅಮ್ಮಾ, ನಿಮ್ಮ ನೋವು ಅರ್ಥವಾಗುತ್ತದೆ. ನಾನು ಕಥೋಲಿಕ, ಮದುವೆ ಸಿದ್ಧತೆ ತರಗತಿಗಳಲ್ಲಿ ಬಹಳ ಕಾಲ ಸಹಾಯ ಮಾಡಿದ್ದೇನೆ. ಆದರೆ ಎರಡನೇ ಅಧ್ಯಾಯ ಓದೋಕೆ ಹೋಗಿ ಮೊದಲನೆಯದನ್ನು ಪಕ್ಕಕ್ಕೆ ಇಡೋದು ಸರಿಯಲ್ಲ. ಗಂಡು ಹೆಣ್ಣಾಗಿ ಸೃಷ್ಟಿಸಿದ ಕೂಡಲೇ ದೇವರು ಅವರಿಗೆ ಹೇಳಿದ ಮೊದಲ ಮಾತೇ ಮಕ್ಕಳ ಆಶೀರ್ವಾದ. 1968ರಲ್ಲಿ ಪೋಪ್ ಆರನೇ ಪೌಲರು ಬರೆದ ಪತ್ರದಲ್ಲೂ ಇದೇ ಇದೆ: ದಂಪತಿಯನ್ನು ಒಂದು ಮಾಡುವುದು, ಜೀವಕ್ಕೆ ಬಾಗಿಲು ತೆರೆದಿಡುವುದು, ಈ ಎರಡನ್ನೂ ಬೇರ್ಪಡಿಸಬಾರದು. ಈಗ ಕೆಲವು ಜೋಡಿಗಳು "ನಾವಿಬ್ಬರೇ ಸಾಕು, ಮಕ್ಕಳ ತಾಪತ್ರಯ ಬೇಡ" ಅಂತ ಮೊದಲೇ ನಿಶ್ಚಯ ಮಾಡಿಕೊಂಡು ಬರುತ್ತಾರೆ. ನಿಮ್ಮ ಓದು ಅವರಿಗೆ ನೆಪ ಆಗಬಾರದು ಅಂತ ನನ್ನ ಕಳವಳ.

ಒಂದು ವಿಷಯ ನಿಮ್ಮ ಪರವಾಗಿಯೂ ಹೇಳಬೇಕು. 1917ರ ಧರ್ಮಸಭೆಯ ಕಾನೂನಿನಲ್ಲಿ ಸಂತಾನವೇ ಮದುವೆಯ ಮೊದಲ ಉದ್ದೇಶ, ಪರಸ್ಪರ ನೆರವು ಎರಡನೆಯದು ಅಂತ ಇತ್ತು. 1983ರ ಹೊಸ ಕಾನೂನಿನಲ್ಲಿ ಆ ಮೊದಲು ಎರಡನೆಯದು ಅನ್ನುವ ಶ್ರೇಣಿ ಇಲ್ಲ. ದಂಪತಿಯ ಹಿತ, ಮಕ್ಕಳು, ಎರಡನ್ನೂ ಒಟ್ಟಿಗೆ ಹೇಳಿದ್ದಾರೆ. ಬಂಜೆತನ ಮದುವೆಗೆ ಅಡ್ಡಿಯಲ್ಲ, ಅದರಿಂದ ಮದುವೆ ಅಸಿಂಧು ಆಗೋದಿಲ್ಲ ಅಂತಲೂ ಸ್ಪಷ್ಟವಾಗಿ ಇದೆ. ನಿಮ್ಮ ಮದುವೆ ಪೂರ್ತಿ ಮದುವೆಯೇ. ಅದರಲ್ಲಿ ಯಾರಿಗೂ ಅನುಮಾನ ಬೇಡ.


ಲಿಂಗರಾಜಪುರದವಳು

ಸಾರ್, ಕೊನೆಯ ಸಾಲುಗಳಿಗೆ ಮನಸಾರೆ ವಂದನೆ. ಇದನ್ನು ಕೇಳದೇ ಬದುಕುತ್ತಿರುವ ಎಷ್ಟೋ ಹೆಣ್ಣುಮಕ್ಕಳು ನನಗೆ ಗೊತ್ತು.

ಮೊದಲ ಅಧ್ಯಾಯವನ್ನು ಅಳಿಸಿಹಾಕಿ ಅಂತ ನಾನು ಹೇಳುತ್ತಿಲ್ಲ. ಮಕ್ಕಳು ಆಶೀರ್ವಾದವೇ. ಆದರೆ ಆಶೀರ್ವಾದ ಬೇರೆ, ಕಾರಣ ಬೇರೆ ಅಲ್ವಾ? ಹೆಣ್ಣನ್ನು ಯಾಕೆ ಸೃಷ್ಟಿ ಮಾಡಿದರು ಅನ್ನೋದಕ್ಕೆ ಬೈಬಲು ಬಾಯಿಬಿಟ್ಟು ಹೇಳುವ ಕಾರಣ ಒಂದೇ, ಅದು ಒಂಟಿತನ. ನಮ್ಮ ಪ್ರಾಟೆಸ್ಟೆಂಟರಲ್ಲೂ ಇದು ತಲೆಕೆಳಗಾಗಿಯೇ ಬಂದಿದೆ. 1549ರ ಇಂಗ್ಲೆಂಡಿನ ಪ್ರಾರ್ಥನಾ ಪುಸ್ತಕದಲ್ಲಿ ಮದುವೆಗೆ ಮೂರು ಕಾರಣ ಕೊಟ್ಟಿದ್ದಾರೆ. ಮೊದಲು ಮಕ್ಕಳು, ಆಮೇಲೆ ಹಾದರದ ಪಾಪಕ್ಕೆ ಬೀಳದಂತೆ ಒಂದು ಮದ್ದು, ಒಬ್ಬರಿಗೊಬ್ಬರ ಜೊತೆ ಮತ್ತು ನೆರವು ಅನ್ನೋದು ಕೊನೆಗೆ. ದೇವರು ಮೊದಲು ಹೇಳಿದ್ದನ್ನು ನಾವು ಕೊನೆಗೆ ಇಟ್ಟೆವು.


ಬಸವನಗುಡಿ ಓದುಗ

ನಾನು ಕ್ರೈಸ್ತನಲ್ಲ, ಆಸಕ್ತಿಯಿಂದ ಓದುತ್ತಿದ್ದೇನೆ, ತಪ್ಪು ತಿಳಿಯಬೇಡಿ. ನಾನು ಓದಿದ್ದು ಕಾನ್ವೆಂಟಿನಲ್ಲಿ. ನಮಗೆಲ್ಲ ತಲೆಯಲ್ಲಿ ಉಳಿದಿರೋದು ಏನೆಂದರೆ ಹವ್ವ ಸೇಬು ತಿಂದಳು, ಆದಾಮನಿಗೂ ಕೊಟ್ಟಳು, ಇಬ್ಬರಿಗೂ ಬೆತ್ತಲೆ ಅಂತ ಗೊತ್ತಾಯಿತು, ನಾಚಿಕೊಂಡು ಎಲೆ ಸುತ್ತಿಕೊಂಡರು, ಅಂದರೆ ಆ ಹಣ್ಣು ಅಂದರೆ ಕಾಮ, ಆ ಪಾಪ ಅಂದರೆ ಗಂಡು ಹೆಣ್ಣಿನ ಸಂಬಂಧವೇ ಅಂತ. ನಿಮ್ಮ ಧರ್ಮದಲ್ಲಿ ಕಾಮವೇ ಮೂಲಪಾಪ ಅನ್ನೋದು ನಿಜವಾ? ಹಾಗಿದ್ದರೆ ಮದುವೆ ಒಳ್ಳೆಯದು ಹೇಗಾಗುತ್ತದೆ?


ದೇವಶಾಸ್ತ್ರ ವಿದ್ಯಾರ್ಥಿ

ಒಳ್ಳೆ ಪ್ರಶ್ನೆ ಸಾರ್. ಕ್ರೈಸ್ತರಲ್ಲೇ ಅರ್ಧ ಜನ ಹಾಗೇ ಅಂದುಕೊಂಡಿದ್ದಾರೆ. ಸೇಬು ಅಂತ ಆದಿಕಾಂಡದಲ್ಲಿ ಎಲ್ಲೂ ಇಲ್ಲ, ಬರೀ ಹಣ್ಣು ಅಂತ ಇದೆ. ಅದು ಒಳ್ಳೆಯದರ ಕೆಟ್ಟದರ ಅರಿವು ಕೊಡುವ ಮರದ ಹಣ್ಣು. ಮುಖ್ಯವಾದದ್ದು ಕಥೆಯ ಕ್ರಮ. ಬಹುಸಂತಾನದ ಆಶೀರ್ವಾದ, ಇಬ್ಬರೂ ಒಂದೇ ಶರೀರ ಆಗುವ ಮಾತು, ಇಬ್ಬರೂ ಬೆತ್ತಲೆಯಾಗಿದ್ದರೂ ನಾಚಲಿಲ್ಲ ಅನ್ನುವ ಮಾತು, ಮೂರೂ ಬರೋದು ಹಣ್ಣು ತಿನ್ನುವುದಕ್ಕೆ ಮೊದಲು. ಕಾಮವೇ ಪಾಪವಾಗಿದ್ದರೆ ದೇವರೇ ಅದಕ್ಕೆ ಮುಂಚೆ ಆಶೀರ್ವಾದ ಕೊಟ್ಟಿರುತ್ತಿದ್ದರೇ? ಹಣ್ಣು ತಿಂದಮೇಲೆ ಬಂದದ್ದು ನಾಚಿಕೆ, ಭಯ, ಬಚ್ಚಿಟ್ಟುಕೊಳ್ಳುವುದು, ಒಬ್ಬರ ಮೇಲೊಬ್ಬರು ತಪ್ಪು ಹೊರಿಸುವುದು.

ಆದರೆ ನಿಮ್ಮ ತಲೆಗೆ ಆ ವಿಚಾರ ಸುಮ್ನೆ ಬಂದದ್ದೂ ಅಲ್ಲ. ಸಂತ ಜೆರೋಮರು 393ರಲ್ಲಿ ಜೊವಿನಿಯನ್ ಅನ್ನುವವನ ವಿರುದ್ಧ ಬರೆದಾಗ, ಆದಾಮ ಹವ್ವರು ತೋಟದಲ್ಲಿ ಕನ್ಯಾವ್ರತದಲ್ಲೇ ಇದ್ದರು, ಮದುವೆ ನಡೆದದ್ದು ಪಾಪದ ನಂತರ ತೋಟದ ಹೊರಗೆ ಅಂತ ವಾದಿಸಿದರು. ಜೊವಿನಿಯನ್ ಹೇಳಿದ್ದಾದರೂ ಏನು? ಮದುವೆಯಾದವರೂ ಕನ್ಯಾವ್ರತದವರೂ ದೇವರ ಮುಂದೆ ಸಮಾನ ಅಂತ. ಅದಕ್ಕೆ ಅವನನ್ನು ಕ್ರೈಸ್ತ ಸಭೆಯಿಂದ ಹೊರಗಿಟ್ಟರು.

ಸಂತ ಅಗಸ್ಟೀನರದ್ದು ಇನ್ನೂ ಜಟಿಲ. ಮೊದಮೊದಲು ಅವರು 1:28ರ "ಹೆಚ್ಚಿರಿ" ಅನ್ನೋದನ್ನು ಆತ್ಮಿಕ ಅರ್ಥದಲ್ಲಿ ಓದಬಹುದು ಅಂದರು. ಆಮೇಲೆ ಆದಿಕಾಂಡದ ಮೇಲೆ ದೊಡ್ಡ ವ್ಯಾಖ್ಯಾನ ಬರೆಯುವಾಗ, ಪಾಪ ಬರದಿದ್ದರೂ ತೋಟದಲ್ಲಿ ದೇಹಸಂಬಂಧ ಇರುತ್ತಿತ್ತು, ಮಕ್ಕಳೂ ಹುಟ್ಟುತ್ತಿದ್ದರು, ಆದರೆ ಅಂಕೆ ಮೀರುವ ಆಸೆ ಇರುತ್ತಿರಲಿಲ್ಲ ಅಂತ ಒಪ್ಪಿಕೊಂಡರು. ಅಲ್ಲೇ ಇನ್ನೊಂದು ಮಾತು ಬರೆದರು. ಜೊತೆಗೂ ಮಾತಿಗೂ ಬೇಕಾಗಿದ್ದರೆ ಇಬ್ಬರು ಗಂಡಸು ಗೆಳೆಯರೇ ಚೆನ್ನಾಗಿ ಹೊಂದುತ್ತಿದ್ದರು, ಹಾಗಾಗಿ ಹೆಣ್ಣನ್ನು ನೆರವಿಗೆ ಕೊಟ್ಟದ್ದು ಮಕ್ಕಳನ್ನು ಹೆರೋದಕ್ಕೆ ಬಿಟ್ಟು ಬೇರೆ ಯಾವುದಕ್ಕೆ ಅಂತ ಕೇಳಿದರು. ಲಿಂಗರಾಜಪುರದ ಅಕ್ಕ ಹೇಳುವ ಆ ಪ್ರಸಂಗದ ಬೇರು ಇಲ್ಲಿದೆ. ಅದೇ ಅಗಸ್ಟೀನರು 401ರ ಸುಮಾರಿಗೆ ಮದುವೆಯ ಒಳಿತಿನ ಬಗ್ಗೆ ಬರೆದಾಗ, ವಯಸ್ಸಾದ ದಂಪತಿಗೆ ಮಕ್ಕಳಾಗದಿದ್ದರೂ ಅವರ ಜೊತೆಗಾರಿಕೆಯೇ ಒಂದು ಒಳಿತು ಅಂತಲೂ ಹೇಳಿದ್ದಾರೆ. ಎರಡನ್ನೂ ಹೇಳಿದ್ದು ಒಬ್ಬರೇ ಅಗಸ್ಟೀನ್.


ಲಿಂಗರಾಜಪುರದವಳು

ಗಂಡಸು ಗೆಳೆಯರೇ ಸಾಕಾಗುತ್ತಿತ್ತು ಅನ್ನುವ ಆ ಮಾತು ಓದಿ ಕೋಪ ಬಂತು, ಸಂತರಾದರೂ ಹೇಳುತ್ತೇನೆ. ಕಥೆಯಲ್ಲಿ ದೇವರು ಮೊದಲು ಪ್ರಾಣಿಗಳನ್ನೆಲ್ಲ ಆದಾಮನ ಮುಂದೆ ತಂದು ನಿಲ್ಲಿಸುತ್ತಾರೆ. ಅವನು ಒಂದೊಂದಕ್ಕೂ ಹೆಸರಿಡುತ್ತಾನೆ. ಆದರೆ ಅವನಿಗೆ ತಕ್ಕ ಜೊತೆ ಅವುಗಳಲ್ಲಿ ಸಿಗಲಿಲ್ಲ ಅಂತ ಬರೆದಿದೆ. ಮರಿ ಹಾಕುವ ಜೋಡಿ ಸಿಗಲಿಲ್ಲ ಅಂತ ಬರೆದಿಲ್ಲ! ಆಮೇಲೆ ಅವಳನ್ನು ಕಂಡಾಗ ಅವನ ಬಾಯಿಂದ ಬರೋದು ಒಂದು ಪದ್ಯ, ನನ್ನ ಎಲುಬಿನಿಂದ ಬಂದ ಎಲುಬು, ನನ್ನ ಮಾಂಸದಿಂದ ಬಂದ ಮಾಂಸ ಅಂತ. ಬೈಬಲಿನಲ್ಲಿ ಮನುಷ್ಯ ಆಡಿದ್ದಾಗಿ ದಾಖಲಾದ ಮೊದಲ ಮಾತೇ ಅದು. ಪ್ರಾಣಿಗಳಿಗೆ ಏನೇನು ಹೆಸರಿಟ್ಟ ಅಂತ ಕೂಡ ಬರೆದಿಲ್ಲ, ಇದನ್ನು ಮಾತ್ರ ಅಕ್ಷರಶಃ ಬರೆದಿಟ್ಟಿದ್ದಾರೆ. ಇವಳಿಂದ ನನಗೆ ಎಷ್ಟು ಗಂಡುಮಕ್ಕಳಾಗಬಹುದು ಅಂತ ಅವನು ಕೇಳಲಿಲ್ಲ. ತನ್ನಂಥದೇ ಒಂದು ಜೀವ ಸಿಕ್ಕಿತು ಅಂತ ಕುಣಿದ.

ಸತ್ಯವೇದದ, ಅಂದರೆ ಬೈಬಲಿನ, ಉಳಿದ ಭಾಗದಲ್ಲೂ ಇದು ಮುಂದುವರಿಯುತ್ತದೆ. ಅಬ್ರಹಾಮನ ಮಗ ಇಸಾಕನಿಗೆ ರೆಬೆಕ್ಕಳನ್ನು ಮದುವೆಯಾದಾಗ 40 ವರ್ಷ, ಮಕ್ಕಳಾದಾಗ 60. ನಡುವೆ 20 ವರ್ಷ ಬರಿಗೈ. ಆದರೂ ಅವನು ಅವಳನ್ನು ಪ್ರೀತಿಸಿದ, ತಾಯಿ ಸತ್ತ ದುಃಖದಲ್ಲಿ ಅವಳಿಂದ ಸಮಾಧಾನ ಹೊಂದಿದ ಅಂತ ಆದಿಕಾಂಡ 24:67ರಲ್ಲಿದೆ. 1 ಸಮುವೇಲದಲ್ಲಿ ಹನ್ನಳು ಮಕ್ಕಳಿಲ್ಲ ಅಂತ ಊಟ ಬಿಟ್ಟು ಅಳುವಾಗ ಗಂಡ ಎಲ್ಕಾನ ಕೇಳುತ್ತಾನೆ, ನಾನು ನಿನಗೆ ಹತ್ತು ಗಂಡುಮಕ್ಕಳಿಗಿಂತ ಹೆಚ್ಚಲ್ಲವೇ ಅಂತ. ಆ ಮಾತಿನಿಂದ ಹನ್ನಳ ಅಳು ನಿಲ್ಲಲಿಲ್ಲ, ಅವಳು ದೇವಾಲಯಕ್ಕೆ ಹೋಗಿ ಇನ್ನೂ ಅತ್ತಳು, ಅದೂ ನಿಜವೇ. ಜೊತೆ ಇದ್ದರೆ ಮಗುವಿನ ಆಸೆ ಹೋಗಿಬಿಡುತ್ತದೆ ಅಂತ ನಾನು ಸುಳ್ಳು ಹೇಳಲಾರೆ. ಆದರೆ ಹೆಂಡತಿಗೆ ಹಾಗೆ ಕೇಳಬಲ್ಲ ಗಂಡ ಇರುವ ಮನೆಯನ್ನು ಬರಿದು ಅಂತ ಕರೆಯುವ ಹಕ್ಕು ಯಾರಿಗೂ ಇಲ್ಲ.


ಬಸವನಗುಡಿ ಓದುಗ

ಸರಿ, ನೀವೆಲ್ಲ ಹೇಳಿದ್ದಕ್ಕೆ ನಿನ್ನೆ ರಾತ್ರಿ 2ರಿಂದ 4ನೇ ಅಧ್ಯಾಯದವರೆಗೆ ಕೂತು ಓದಿದೆ. ಒಂದು ವಿಚಿತ್ರ ಕಣ್ಣಿಗೆ ಬಿತ್ತು. ಈ ಗಂಡ ಹೆಂಡತಿ ಒಬ್ಬರಿಗೊಬ್ಬರು ಮಾತಾಡಿದ ಒಂದು ವಾಕ್ಯವೂ ಇಲ್ಲ! ಆದಾಮನ ಪದ್ಯ ಕೂಡ "ಇವಳು" ಅಂತ ಇದೆ, "ನೀನು" ಅಂತ ಇಲ್ಲ. ಹವ್ವಳ ಮೊದಲ ಮಾತುಕತೆ ಸರ್ಪದ ಜೊತೆ. ಆ ಸಮಯದಲ್ಲಿ ಗಂಡ ಪಕ್ಕದಲ್ಲೇ ಇದ್ದ ಹಾಗಿದೆ, 3:6ರಲ್ಲಿ ತನ್ನ ಜೊತೆಯಲ್ಲಿದ್ದ ಗಂಡನಿಗೆ ಕೊಟ್ಟಳು ಅಂತ ಇದೆ, ಆದರೆ ಅವನು ತುಟಿ ಬಿಚ್ಚಲಿಲ್ಲ. ಆಮೇಲೆ ದೇವರು ವಿಚಾರಿಸಿದಾಗ "ನೀನು ಕೊಟ್ಟ ಈ ಹೆಂಗಸು" ಅಂತ ದೂರು ಹೇಳುತ್ತಾನೆ. ಜೊತೆಗಾಗಿ ಮಾಡಿದ ಜೋಡಿ, ಆದರೆ ಮಾತೇ ಇಲ್ಲ. ಇದನ್ನು ಯಾರಾದರೂ ಗಮನಿಸಿದ್ದಾರಾ?


ದೇವಶಾಸ್ತ್ರ ವಿದ್ಯಾರ್ಥಿ

ಹೊರಗಿನ ಕಣ್ಣಿಗೆ ಇಂಥವು ಬೇಗ ಕಾಣುತ್ತವೆ ಸಾರ್. ಬರೆದಿಲ್ಲ ಅಂದಮಾತ್ರಕ್ಕೆ ಅವರು ಮಾತಾಡಲೇ ಇಲ್ಲ ಅನ್ನೋಕಾಗದು, ಇವು ಬಹಳ ಅಡಕವಾದ ಕಥೆಗಳು. ಆದರೆ ಆ ಮೌನ ಸರ್ಪದ ಹತ್ತಿರ ಎದ್ದು ಕಾಣುತ್ತದೆ. ಅಲ್ಲಿ ಇಬ್ಬರೂ ಒಂದು ಮಾತು ಆಡಿಕೊಂಡಿದ್ದರೆ ಅಂತ ನಾನೂ ಯೋಚಿಸುತ್ತೇನೆ. 1643ರಲ್ಲಿ ಇಂಗ್ಲಿಷ್ ಕವಿ ಮಿಲ್ಟನ್ ವಿಚ್ಛೇದನದ ಪರವಾಗಿ ಬರೆದಾಗ ಹಿಡಿದದ್ದು ಇದೇ 2:18ನ್ನು. ಮದುವೆಯ ಮುಖ್ಯ ಉದ್ದೇಶ ಒಂಟಿತನ ಕಳೆಯುವ ಸಂವಾದ, ಅದೇ ಇಲ್ಲದ ಮದುವೆ ಮದುವೆಯೇ ಅಲ್ಲ ಅಂತ ಅವನ ವಾದ. ಆಗಿನ ಸಭೆಯವರಿಗೆ ಅದು ಸಿಡಿಲು ಬಡಿದಂತಾಯಿತು. ವಿಚ್ಛೇದನದ ವಿಷಯದಲ್ಲಿ ನಾನು ಅವನನ್ನು ಪೂರ್ತಿ ಒಪ್ಪಲಾರೆ, ಯೇಸು ಮತ್ತಾಯ 19ರಲ್ಲಿ ಇದೇ ಆದಿಕಾಂಡವನ್ನು ಎತ್ತಿ ದೇವರು ಕೂಡಿಸಿದ್ದನ್ನು ಮನುಷ್ಯ ಅಗಲಿಸಬಾರದು ಅಂದಿದ್ದಾರೆ. ಆದರೆ ಮಾತು ಸತ್ತ ಮನೆಗಳ ಬಗ್ಗೆ ಅವನು ಹೇಳಿದ್ದು ನಿಜ.


ಯಲಹಂಕದ ಮದುಮಗ

ನನಗೆ ಜನವರಿಯಲ್ಲಿ ಮದುವೆ. ಹಾಗಾಗಿ ಈ ಚರ್ಚೆ ಸರಿಯಾದ ಹೊತ್ತಿಗೆ ಸಿಕ್ಕಿತು. ನನ್ನ ಪ್ರಶ್ನೆ 2:24. ಪುರುಷನು ತಂದೆತಾಯಿಗಳನ್ನು ಬಿಟ್ಟು ಹೆಂಡತಿಯನ್ನು ಸೇರಿಕೊಳ್ಳುತ್ತಾನೆ ಅಂತ ಇದೆ. ನಮ್ಮಲ್ಲಿ ಬಿಡೋದು ಹುಡುಗಿ! ನಮ್ಮಪ್ಪ ಸಾಲ ಮಾಡಿ 30x40 ಅಡಿಯ ಸೈಟಿನಲ್ಲಿ ಮೇಲೊಂದು ಮಹಡಿ ಕಟ್ಟಿಸಿದ್ದಾರೆ, ನಾವು ಅಲ್ಲೇ ಇರಬೇಕು ಅಂತ. ಅವಳಿಗೆ ಆಫೀಸು ಸರ್ಜಾಪುರ ರಸ್ತೆಯಲ್ಲಿ. ಇಲ್ಲಿಂದ ದಿನಾ ಹೋಗಿಬಂದರೆ ಅವಳ ಆಯಸ್ಸು ಅರ್ಧ ಬಸ್ಸಿನಲ್ಲೇ ಮುಗಿಯುತ್ತದೆ. ಬಾಡಿಗೆ ಮನೆ ಅಂದರೆ ಅಮ್ಮ ಅಳುತ್ತಾರೆ. ಈ ವಚನವನ್ನು ತೋರಿಸಿದರೆ "ನಾನು ಓದಿಲ್ಲದ ಬೈಬಲ್ಲಾ" ಅಂತಾರೆ. ಇದನ್ನು ಹೇಗೆ ಅರ್ಥ ಮಾಡಿಕೊಳ್ಳೋದು?


ಕೆ.ಆರ್. ಪುರದ ಅತ್ತೆ

ಮಗಾ, ನಾನು ಇಬ್ಬರು ಸೊಸೆಯರನ್ನು ತಂದವಳು, ನಿನ್ನ ತಾಯಿಯ ಕಡೆಯಿಂದಲೇ ಹೇಳುತ್ತೇನೆ. ಆ ವಚನವನ್ನು ನಾನೂ ನೂರು ಸಲ ಕೇಳಿದ್ದೆ. ಅದರಲ್ಲಿ ಬಿಡೋದು ಗಂಡು ಅಂತ ಇರೋದು ಕಿವಿಗೆ ಬಿದ್ದಿದ್ದರೂ ತಲೆಗೆ ಇಳಿದಿರಲಿಲ್ಲ, ಯಾಕೆಂದರೆ ಪ್ರಸಂಗ ಮಾಡುವವರು ಅದನ್ನು ಹುಡುಗಿಯ ಕಡೆ ನೋಡಿಕೊಂಡೇ ಹೇಳುತ್ತಾರೆ. ಇನ್ನುಮುಂದೆ ಗಂಡನ ಮನೆಯೇ ನಿನ್ನ ಮನೆ, ಅತ್ತೆಮಾವನನ್ನು ತಂದೆತಾಯಿಯ ಹಾಗೆ ನೋಡಿಕೋ ಅಂತ. ಆ ಕಾಲದ ಇಸ್ರಾಯೇಲಿನಲ್ಲೂ ಹೆಣ್ಣೇ ಗಂಡನ ಮನೆಗೆ ಹೋಗುತ್ತಿದ್ದಳು, ರೆಬೆಕ್ಕ ಒಂಟೆ ಹತ್ತಿ ಹೊರಟದ್ದು ಅದಕ್ಕೇ. ಅಂಥ ಊರಲ್ಲಿ ಕೂತು ಗಂಡು ಬಿಟ್ಟು ಬರಬೇಕು ಅಂತ ಬರೆದಿದ್ದಾರೆ ಅಂದರೆ ಅದು ಕೈತಪ್ಪಿ ಬಂದ ಮಾತಲ್ಲ.

ಮನೆ ಬಿಡಬೇಕು ಅಂತಲೇ ಅದರ ಅರ್ಥ ಅಂತ ನಾನು ಹೇಳೋದಿಲ್ಲ. ಒಂದೇ ಮನೆಯಲ್ಲಿದ್ದೂ ಬಿಟ್ಟವರಿದ್ದಾರೆ, ಬೇರೆ ದೇಶಕ್ಕೆ ಹೋಗಿಯೂ ಬಿಡದವರಿದ್ದಾರೆ. ನಿನ್ನ ಸಂಬಳದ ವಿಷಯ, ನಿಮ್ಮಿಬ್ಬರ ಜಗಳದ ವಿಷಯ, ಮಗು ಯಾವಾಗ ಅನ್ನುವ ವಿಷಯ, ಇವು ಮೊದಲು ನಿನ್ನ ಹೆಂಡತಿಯ ಹತ್ತಿರ ಮಾತಾಗಬೇಕು, ಅಮ್ಮನ ಹತ್ತಿರ ಆಮೇಲೆ. ತಂದೆತಾಯಿಯನ್ನು ಸನ್ಮಾನಿಸು ಅನ್ನುವ ಆಜ್ಞೆ ಎಲ್ಲೂ ಹೋಗಿಲ್ಲ, ಅವರ ಔಷಧಿ ಖರ್ಚು, ಭಾನುವಾರದ ಊಟ, ಅದೆಲ್ಲ ಇರಲಿ. ಆದರೆ ನಿನ್ನ ವಿಷಯದಲ್ಲಿ ನೇರ ಹೇಳುತ್ತೇನೆ. ಆ ಹುಡುಗಿ ದಿನಾ ಅಷ್ಟು ದೂರ ಹೋಗಿಬಂದು, ರಾತ್ರಿ ಬಂದಮೇಲೆ ಅಡುಗೆ ಮಾಡಿ, ನಿನ್ನ ಜೊತೆ ಎರಡು ಮಾತಾಡೋಕೆ ತ್ರಾಣ ಇಲ್ಲದೆ ಮಲಗಿದರೆ ಅದು ಜೊತೆಯಾ? ಸರ್ಜಾಪುರದ ಹತ್ತಿರ ಮನೆ ಮಾಡಿ. ಮೇಲಿನ ಮಹಡಿ ಬಾಡಿಗೆಗೆ ಕೊಟ್ಟು ಆ ದುಡ್ಡು ಅಪ್ಪನ ಸಾಲಕ್ಕೆ ಹೋಗಲಿ. ಅಮ್ಮನಿಗೆ ನಾನು ಬೇಕಾದರೆ ಫೋನಿನಲ್ಲಿ ಮಾತಾಡುತ್ತೇನೆ.


ಹೆಸರು ಬೇಡ

ಇದನ್ನು ಬರೆಯಲೋ ಬೇಡವೋ ಅಂತ ತುಂಬಾ ಯೋಚಿಸಿದೆ. ಮದುವೆಯ ಪ್ರಸಂಗದಲ್ಲಿ ನನಗೆ ನೆನಪಿರೋದು 3:16, ಅವನು ನಿನ್ನನ್ನು ಆಳುವನು. ನನ್ನ ಗಂಡ ಬಾಯಿಪಾಠ ಮಾಡಿದ್ದ ಒಂದೇ ವಚನ ಅದು. ಮೈ ಮುಟ್ಟಬೇಡ ಅಂದ ರಾತ್ರಿಗಳಲ್ಲಿ ಅದನ್ನೇ ಹೇಳುತ್ತಿದ್ದ. ಸಭೆಯ ಹಿರಿಯರಿಗೆ ಹೇಳಿದಾಗ ತಾಳ್ಮೆ ಇರಲಿ, ಪ್ರಾರ್ಥನೆ ಮಾಡು ಅಂದರು. ಈಗ ತವರಿನಲ್ಲಿದ್ದೇನೆ. ನನಗೆ ಯಾರಾದರೂ ಹೇಳಿ, ಆ ವಚನ ಅಲ್ಲಿ ಯಾಕಿದೆ?


ಲಿಂಗರಾಜಪುರದವಳು

ಸಿಸ್ಟರ್, ಬರೆದದ್ದು ಬಹಳ ಒಳ್ಳೆಯದಾಯಿತು. ನೀವು ತವರಿನಲ್ಲಿ ಸುರಕ್ಷಿತವಾಗಿದ್ದೀರಿ ಅನ್ನೋದೇ ಮೊದಲ ಸಮಾಧಾನ.

3:16 ಅಲ್ಲಿರೋದು ಎಲ್ಲ ಕೆಟ್ಟುಹೋದಮೇಲೆ ಏನಾಗುತ್ತದೆ ಅಂತ ತಿಳಿಸೋಕೆ. ಅದು ಮದುವೆಯ ಕಟ್ಟಳೆ ಅಲ್ಲ. ಅದೇ ಉಸಿರಿನಲ್ಲಿ ಭೂಮಿಯಲ್ಲಿ ಮುಳ್ಳುಗಿಡ ಬೆಳೆಯುತ್ತದೆ, ಬೆವರು ಸುರಿಸಿ ತಿನ್ನಬೇಕು ಅಂತಲೂ ಇದೆ. ಹಾಗಂತ ಮುಳ್ಳು ಕೀಳೋದು ಪಾಪ ಅಂತ ಯಾವ ರೈತನೂ ಹೇಳಿಲ್ಲ. ಹೆರಿಗೆ ನೋವಿನ ಮಾತೂ ಅದೇ ವಚನದಲ್ಲಿದೆ. 1847ರಲ್ಲಿ ಸ್ಕಾಟ್ಲೆಂಡಿನ ವೈದ್ಯ ಜೇಮ್ಸ್ ಸಿಂಪ್ಸನ್ ಹೆರಿಗೆಗೆ ಕ್ಲೋರೋಫಾರ್ಮ್ ಬಳಸಿದಾಗ ಬಂದ ಧಾರ್ಮಿಕ ಆಕ್ಷೇಪಕ್ಕೂ ಇದೇ ವಚನ ಆಧಾರವಾಯಿತು. ಪಕ್ಕೆಲುಬು ತೆಗೆಯುವ ಮುಂಚೆ ದೇವರೇ ಆದಾಮನಿಗೆ ಗಾಢನಿದ್ರೆ ಬರಿಸಲಿಲ್ಲವೇ ಅಂತ ಅವನು ಉತ್ತರ ಬರೆದ. ಇವತ್ತು ಹೆರಿಗೆ ನೋವಿಗೆ ಇಂಜೆಕ್ಷನ್ ತೆಗೆದುಕೊಳ್ಳುವುದನ್ನು ಯಾವ ಸಭೆಯ ಹಿರಿಯರೂ ತಡೆಯೋದಿಲ್ಲ. ವಚನದ ಮೊದಲರ್ಧವನ್ನು ವೈದ್ಯರ ಕೈಗೆ ಕೊಟ್ಟು, ಎರಡನೇ ಅರ್ಧವನ್ನು ಗಂಡಂದಿರಿಗೆ ಅಧಿಕಾರಪತ್ರ ಮಾಡಿಕೊಟ್ಟಿದ್ದೇವೆ. ಇದು ನನಗೆ ಸಹಿಸೋಕೆ ಆಗೋದಿಲ್ಲ.

ಅಪೊಸ್ತಲ ಪೌಲ ಕೊರಿಂಥದ ಸಭೆಗೆ ಬರೆದ ಮೊದಲ ಪತ್ರದ 7ನೇ ಅಧ್ಯಾಯದಲ್ಲಿ ಏನು ಬರೆದ ನೋಡಿ. ಹೆಂಡತಿಗೆ ತನ್ನ ದೇಹದ ಮೇಲೆ ಅಧಿಕಾರವಿಲ್ಲ, ಅದು ಗಂಡನದು ಅಂತ ಬರೆದು ಅಲ್ಲಿಗೇ ನಿಲ್ಲಿಸಲಿಲ್ಲ. ಹಾಗೆಯೇ ಗಂಡನ ದೇಹ ಹೆಂಡತಿಯದು ಅಂತ ಸೇರಿಸಿದ. ದೂರ ಇರಬೇಕಾದರೂ ಇಬ್ಬರೂ ಒಪ್ಪಿ ಇರಬೇಕು ಅಂದ. ಒಪ್ಪಿಗೆ ಇಲ್ಲದ ಕಡೆ ಒಂದೇ ಶರೀರ ಅನ್ನೋದಕ್ಕೆ ಅರ್ಥವೇ ಇಲ್ಲ.


ದೇವಶಾಸ್ತ್ರ ವಿದ್ಯಾರ್ಥಿ

ಇದಕ್ಕೆ ಸೇರಿಸುತ್ತೇನೆ. ಯೆಹೂದ್ಯರ ಹಳೆಯ ಧರ್ಮನಿಯಮಗಳ ಸಂಗ್ರಹವಾದ ಮಿಷ್ನಾದಲ್ಲಿ ಹೆಂಡತಿಯ ಸುಖ ಗಂಡನ ಕರ್ತವ್ಯ ಅಂತ ಲೆಕ್ಕ ಇಟ್ಟಿದ್ದಾರೆ. ಕೂಲಿ ಮಾಡುವವನು ವಾರಕ್ಕೆ ಎರಡು ಸಲ, ಕತ್ತೆ ಹೊಡೆಯುವವನು ವಾರಕ್ಕೊಮ್ಮೆ, ಒಂಟೆಯವನು 30 ದಿನಕ್ಕೊಮ್ಮೆ, ಹಡಗಿನವನು ಆರು ತಿಂಗಳಿಗೊಮ್ಮೆ. ಬೇಡಿಕೆಯ ಹಕ್ಕು ಹೆಂಡತಿಯದು. ಬೈಬಲಿನ ಧರ್ಮೋಪದೇಶಕಾಂಡ 24:5ರಲ್ಲಿ ಹೊಸದಾಗಿ ಮದುವೆಯಾದವನನ್ನು ಒಂದು ವರ್ಷ ಯುದ್ಧಕ್ಕೆ ಕಳಿಸಬಾರದು, ಅವನು ಮನೆಯಲ್ಲಿದ್ದು ಹೆಂಡತಿಯನ್ನು ಸಂತೋಷಪಡಿಸಲಿ ಅಂತ ಇದೆ. ಇದು ಕಾನೂನು! ಬೈಬಲಿನ ಪ್ರೇಮಗೀತೆಗಳ ಪುಸ್ತಕ ಪರಮಗೀತದಲ್ಲಿ ಮೊದಲು ಬಾಯಿ ತೆರೆದು ಮುತ್ತು ಕೇಳೋದು ಹೆಣ್ಣು. ಈ ಪುಟಗಳನ್ನು ನಮ್ಮ ಸಭೆಗಳಲ್ಲಿ ಯಾರೂ ಓದೋದಿಲ್ಲ.

ಮತ್ತೆ, ಸಿಸ್ಟರ್, ನಮ್ಮ ಕರ್ನಾಟಕ ಹೈಕೋರ್ಟಿನ ಮುಂದೆ ಗಂಡನೇ ಅತ್ಯಾಚಾರ ಮಾಡಿದ ಅನ್ನುವ ಆರೋಪದ ಒಂದು ಪ್ರಕರಣ ಬಂದಿತ್ತು. ಗಂಡ ಅನ್ನುವ ಕಾರಣಕ್ಕೆ ಆರೋಪ ಕೈಬಿಡೋದಿಲ್ಲ ಅಂತ 2022ರ ಮಾರ್ಚ್‌ನಲ್ಲಿ ನ್ಯಾಯಾಲಯ ಹೇಳಿತು. ಅದಕ್ಕೆ ಸುಪ್ರೀಂ ಕೋರ್ಟ್ ಆಮೇಲೆ ತಡೆ ಕೊಟ್ಟಿತು, ಕಾನೂನಿನಲ್ಲಿ ಗಂಡನಿಗಿರುವ ವಿನಾಯಿತಿ ಹೊಸ ನ್ಯಾಯ ಸಂಹಿತೆಯಲ್ಲೂ ಮುಂದುವರಿದಿದೆ. ಆದರೆ 2005ರ ಕೌಟುಂಬಿಕ ದೌರ್ಜನ್ಯ ಕಾಯ್ದೆಯಲ್ಲಿ ಲೈಂಗಿಕ ದೌರ್ಜನ್ಯವೂ ಸೇರಿದೆ. ಅದರಡಿ ರಕ್ಷಣೆ ಕೇಳಬಹುದು. 181 ಮಹಿಳಾ ಸಹಾಯವಾಣಿಗೆ ಫೋನ್ ಮಾಡಿ. ಪ್ರಾರ್ಥನೆಯೂ ಇರಲಿ, ಇದೂ ಇರಲಿ.


ವೈಟ್‌ಫೀಲ್ಡ್ ಒಬ್ಬಳೇ

ಎಲ್ಲ ಓದಿದೆ. ಜೊತೆ ದೊಡ್ಡದು ಅನ್ನೋದು ಸರಿ, ಆದರೆ ನನ್ನಂಥವರ ಕಥೆ ಏನು? ಮದುವೆಯಾಗಿಲ್ಲ, ಇನ್ನು ಆಗುವ ಹಾಗೂ ಕಾಣೋದಿಲ್ಲ. 2:18ನ್ನು ನನಗೆ ಬುದ್ಧಿ ಹೇಳೋಕೆ ಬಳಸದ ಆಂಟಿ ನಮ್ಮ ಸಭೆಯಲ್ಲಿ ಇಲ್ಲ. ಮಕ್ಕಳಿಲ್ಲದವರ ಮೇಲಿನ ಭಾರ ಇಳಿಸಿ, ಅದನ್ನು ಮದುವೆಯಾಗದವರ ಮೇಲೆ ಹೊರಿಸಬೇಡಿ ಅಕ್ಕಾ. ಯೇಸು ಮದುವೆಯಾಗಲಿಲ್ಲ. ಪೌಲನೂ ಒಂಟಿಯಾಗಿಯೇ ಇದ್ದು, ನನ್ನಂತೆ ಇರೋದು ಒಳ್ಳೆಯದು ಅಂತ ಬರೆದ. ಅವರು ಆದಿಕಾಂಡ ಓದಿರಲಿಲ್ವಾ?

ನನ್ನ ಓದು ಹೀಗಿದೆ. ದೇವರು ಕಂಡ ಕೊರತೆ ಒಂಟಿತನ. ಆ ಮೊದಲ ಮನುಷ್ಯನಿಗೆ ಭೂಮಿಯ ಮೇಲೆ ಬೇರೆ ಮನುಷ್ಯರೇ ಇರಲಿಲ್ಲ, ಆದ್ದರಿಂದ ಬಂದ ಮೊದಲ ಜೊತೆ ಹೆಂಡತಿಯೇ ಆಗಿದ್ದಳು. ನನ್ನ ಸುತ್ತ ಒಂದು ಕೋಟಿಗೂ ಮೀರಿದ ಜನ ಇದ್ದಾರೆ. ನಾನು ಜ್ವರದಲ್ಲಿ ಮಲಗಿದ್ದಾಗ ಗಂಜಿ ತಂದುಕೊಟ್ಟದ್ದು ಎದುರು ಫ್ಲ್ಯಾಟಿನ ಗೆಳತಿ. ಬೈಬಲಿನಲ್ಲಿ ವಿಧವೆ ನವೊಮಿಯ ಒಂಟಿತನ ಕಳೆದವಳು ಸೊಸೆ ರೂತ್. ಸಭೆಯಲ್ಲಿ ಕುಟುಂಬ ಕೂಟ, ದಂಪತಿ ಕೂಟ, ಯುವಜನ ಕೂಟ ಎಲ್ಲ ಇದೆ. ನನಗೆ ಯಾವುದರಲ್ಲೂ ಕುರ್ಚಿ ಇಲ್ಲ. ಮನುಷ್ಯ ಒಂಟಿಯಾಗಿರೋದು ಒಳ್ಳೆಯದಲ್ಲ ಅಂತ ಅಷ್ಟು ನಂಬಿಕೆ ಇದ್ದರೆ, ಮೊದಲು ಕ್ರಿಸ್ಮಸ್ ಮಧ್ಯಾಹ್ನ ಊಟಕ್ಕೆ ಕರೆಯಿರಿ.


ಕಮ್ಮನಹಳ್ಳಿ ಹಿರಿಯ

ಮಗಳೇ, ನಿನ್ನ ಮಾತು ನೇರವಾಗಿ ನಾಟಿತು. ನಮ್ಮ ಧರ್ಮಕೇಂದ್ರದಲ್ಲೂ ಇದೇ ಆಗುತ್ತಿದೆ, ಮುಂದಿನ ಪಾಲನಾ ಸಮಿತಿಯ ಸಭೆಯಲ್ಲಿ ಎತ್ತುತ್ತೇನೆ. ಕ್ರಿಸ್ಮಸ್ ಊಟಕ್ಕೆ ನಮ್ಮ ಮನೆಗೆ ಬಾ, ನನ್ನ ಹೆಂಡತಿ ನಿನಗೆ ಸಂದೇಶ ಕಳಿಸುತ್ತಾಳೆ.


ಹಲಸೂರಿನವನು

ನಾನು ಗೇ. ಸಂಡೇ ಸ್ಕೂಲಿನಲ್ಲಿ ಬೆಳೆದವನು. "ದೇವರು ಆದಾಮ ಹವ್ವರನ್ನು ಮಾಡಿದರು" ಅನ್ನುವ ಒಂದು ಸಾಲಿನಲ್ಲಿ ನನ್ನ ಬಾಯಿ ಮುಚ್ಚಿಸಿದ್ದಾರೆ. 2018ರ ಸೆಪ್ಟೆಂಬರ್ 6ರಂದು ಸುಪ್ರೀಂ ಕೋರ್ಟ್ 377ನೇ ಸೆಕ್ಷನ್ನಿನ ಬಗ್ಗೆ ತೀರ್ಪು ಕೊಟ್ಟ ದಿನ ನಾನು ಅಪರಾಧಿಯಾಗಿ ಉಳಿಯಲಿಲ್ಲ, ಆದರೆ ಸಭೆಯಲ್ಲಿ ಏನೂ ಬದಲಾಗಲಿಲ್ಲ. ಒಂಟಿಯಾಗಿರೋದು ಒಳ್ಳೆಯದಲ್ಲ ಅಂತ ದೇವರೇ ಹೇಳಿದರೆ, ನನಗೊಬ್ಬನಿಗೆ ಅದು ಹೇಗೆ ಒಳ್ಳೆಯದಾಗುತ್ತದೆ?


ಕಮ್ಮನಹಳ್ಳಿ ಹಿರಿಯ

ಮಗನೇ, ನಾನು ನಂಬಿರೋದನ್ನು ಮುಚ್ಚಿಟ್ಟು ಮಾತಾಡಲಾರೆ. ಯೇಸುವೇ ಮದುವೆಯ ಬಗ್ಗೆ ಕೇಳಿದಾಗ ಗಂಡು ಹೆಣ್ಣಾಗಿ ಸೃಷ್ಟಿಸಿದರು ಅನ್ನುವ ಮಾತಿಗೇ ಹೋದರು. ಮದುವೆಯ ಬಗ್ಗೆ ನಮ್ಮ ಧರ್ಮಸಭೆಯ ಬೋಧನೆ ಬದಲಾಗಿಲ್ಲ, 2023ರ ಡಿಸೆಂಬರಿನಲ್ಲಿ ರೋಮಿನಿಂದ ಬಂದ ಪತ್ರವೂ ಒಂದೇ ಲಿಂಗದ ಜೋಡಿಗೆ ಆಶೀರ್ವಾದ ಕೊಡಬಹುದು ಅಂತ ಹೇಳಿತೇ ವಿನಾ ಅವರ ಸಂಬಂಧವನ್ನು ಮದುವೆ ಅನ್ನಲಿಲ್ಲ. ಆದರೆ ನಿನ್ನ ಬಾಯಿ ಮುಚ್ಚಿಸಿದ್ದು ತಪ್ಪು. ನಿನ್ನನ್ನು ಒಂಟಿ ಮಾಡಿದ್ದು ಇನ್ನೂ ದೊಡ್ಡ ತಪ್ಪು.


ಲಿಂಗರಾಜಪುರದವಳು

ಹಲಸೂರಿನ ತಮ್ಮಾ, ನಾನು ಹಿರಿಯರಷ್ಟು ದೃಢವಾಗಿ ಆ ಗೆರೆ ಎಳೆಯಲಾರೆ. ಕಥೆ ಹೇಳುತ್ತಿರೋದು ಒಬ್ಬ ಗಂಡು ಒಬ್ಬಳು ಹೆಣ್ಣಿನ ಬಗ್ಗೆ, ಅದನ್ನು ನಾನು ತಿರುಚೋದಿಲ್ಲ. ಆದರೆ ಆ ಕಥೆಯಲ್ಲಿ ದೇವರು ತಂದ ಪ್ರಾಣಿಗಳಲ್ಲಿ ಆದಾಮನಿಗೆ ತಕ್ಕ ಜೊತೆ ಸಿಗದಿದ್ದಾಗ, ಯಾವುದಾದರೂ ಒಂದನ್ನು ಒಪ್ಪಿಕೋ ಅಂತ ದೇವರು ಅವನನ್ನು ಬಲವಂತ ಮಾಡಲಿಲ್ಲ. ಸಿಕ್ಕಾಗ "ಇವಳೇ" ಅಂದವನು ಆದಾಮ. ನಿನ್ನ ಪ್ರಶ್ನೆಯನ್ನು ನಾನು ಹೊತ್ತುಕೊಂಡಿರುತ್ತೇನೆ. ಒಂದು ಸಾಲಿನಲ್ಲಿ ಮುಗಿಸುವವರ ಜೊತೆ ನಾನಿಲ್ಲ.


ಯಲಹಂಕದ ಮದುಮಗ

ಕೆ.ಆರ್. ಪುರದ ಆಂಟಿ, ಅಮ್ಮನ ಹತ್ತಿರ ಮಾತಾಡಿದ್ದಕ್ಕೆ ತುಂಬಾ ಥ್ಯಾಂಕ್ಸ್. ಇನ್ನೂ ಒಪ್ಪಿಲ್ಲ, ಆದರೆ ಅಳೋದು ನಿಲ್ಲಿಸಿದ್ದಾರೆ. ಕೊನೆಯದಾಗಿ ಒಂದು ಪ್ರಶ್ನೆ. ಮದುವೆಯ ಆರಾಧನೆಯಲ್ಲಿ ಯಾವ ಭಾಗ ಓದಿಸಲಿ? ಪಾಸ್ಟರ್ ನಮ್ಮನ್ನೇ ಆರಿಸಿಕೊಳ್ಳಿ ಅಂದಿದ್ದಾರೆ.


ಲಿಂಗರಾಜಪುರದವಳು

2:18ರಿಂದ 25, ಪೂರ್ತಿ. 24ಕ್ಕೆ ನಿಲ್ಲಿಸಬೇಡಿ. ಸಾಮಾನ್ಯವಾಗಿ ಬೆತ್ತಲೆ ಅನ್ನುವ ಮಾತು ಬರುತ್ತದೆ ಅಂತ 25ನ್ನು ಬಿಟ್ಟುಬಿಡುತ್ತಾರೆ, ಆದರೆ ನಾಚಿಕೆ ಇಲ್ಲದ ಆ ಪ್ರೀತಿಯೂ ಸತ್ಯವೇದದಲ್ಲೇ ಇದೆ, ಅದು ಸಭೆಯ ಮುಂದೆ ಕೇಳಲಿ. ಜೊತೆಗೆ ಪರಮಗೀತ 8:6–7 ಸೇರಿಸಿ, ಬಹಳ ನೀರೂ ಪ್ರೀತಿಯನ್ನು ಆರಿಸಲಾರದು ಅನ್ನುವ ಭಾಗ. ಓದೋಕೆ ಹುಡುಗಿಯ ತಂಗಿಯೋ ಗೆಳತಿಯೋ ಬಂದರೆ ಚೆನ್ನ, 24ನ್ನು ಓದುವಾಗ ನಿಮ್ಮ ಕಡೆ ನೋಡಿ ಓದಲಿ. ಇನ್ನು ಪಾಸ್ಟರ್ ಹತ್ತಿರ ಮೊದಲೇ ಹೋಗಿ ಒಂದು ಮಾತು ಕೇಳಿಕೊಳ್ಳಿ. ಪ್ರಸಂಗದ ಕೊನೆಯಲ್ಲಿ ಮುಂದಿನ ವರ್ಷದ ದೀಕ್ಷಾಸ್ನಾನದ ಮಾತು ಬೇಡ, ನಮ್ಮ ನೆಂಟರಲ್ಲಿ ಮಕ್ಕಳಿಲ್ಲದವರೂ ಮದುವೆಯಾಗದವರೂ ಕೂತಿರುತ್ತಾರೆ ಅಂತ ಹೇಳಿ. ಬಹಳಷ್ಟು ಪಾಸ್ಟರುಗಳು ಕೇಳಿಕೊಂಡರೆ ಒಪ್ಪುತ್ತಾರೆ, ಯಾರೂ ಕೇಳೋದಿಲ್ಲ ಅಷ್ಟೇ.